ಬಾವಿಯ ಕೆಳಗಿನ ಕಡಲು

ಕಳೆದ ಬೇಸಿಗೆಯ ಒಂದು ಬೆಳಗ್ಗೆ ನಮ್ಮ ಲೋಕಲ್ ರೈಲು ಕಳವಾ ಸ್ಟೇಷನ್ ದಾಟಿ ಖಾಡಿಯ ಸೇತುವೆಯ ಮೇಲೆ ನಿಂತುಬಿಟ್ಟಿತು. ಡೊಂಬಿವಲಿಯಿಂದ ಠಾಣೆಗೆ ಓಡಾಡುವವರಿಗೆ ಇದೇನೂ ಹೊಸದಲ್ಲ. ಲೇಡೀಸ್ ಡಬ್ಬದಲ್ಲಿ ನನ್ನ ಭುಜಕ್ಕೆ ಒತ್ತಿಕೊಂಡು ನಿಂತಿದ್ದ ಹುಡುಗಿ ಊರಿಗೆ ಹೊಸಬಳಿರಬೇಕು. ಕೆಳಗಿನ ಕೆಸರು ಬಣ್ಣದ ನೀರನ್ನು ನೋಡಿ, "ಆಂಟೀ, ಯೇ ಕೌನ್‌ಸೀ ನದೀ ಹೈ?" ಎಂದು ಕೇಳಿದಳು. ನದಿಯಲ್ಲ, ಖಾಡಿ, ಸಮುದ್ರವೇ ಒಳಗೆ ಬಂದಿರುವುದು ಎಂದೆ. ಆಚೆ ಕಾಣುವುದು ಯಾವ ಊರು ಎಂದಳು. "ಠಾಣಾ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮೇಷ್ಟ್ರುಗಳ ಬಾಯಿ ನಿಮಗೆ ಗೊತ್ತಲ್ಲ. "ಅದು ದ್ವೀಪ," ಎಂದು ಸೇರಿಸಿದೆ. ಹುಡುಗಿ ನಕ್ಕಳು. ಸುತ್ತ ನಿಂತವರೂ ನಕ್ಕರು. ಟಿಫಿನ್ ಚೀಲ ಹಿಡಿದಿದ್ದ ಒಬ್ಬಾಕೆಯಂತೂ ಈ ಸೆಕೆಯಲ್ಲಿ ಪಾಪ ಹೆಂಗಸಿನ ತಲೆ ತಿರುಗಿದೆ ಎಂಬಂತೆ ನನಗೆ ತನ್ನ ನೀರಿನ ಬಾಟಲಿ ಚಾಚಿದಳು.

ಅವರನ್ನು ದೂರಿ ಪ್ರಯೋಜನವಿಲ್ಲ. ನಾನು ಠಾಣೆಯ ಒಂದು ಶಾಲೆಯಲ್ಲಿ ಭೂಗೋಳ ಕಲಿಸುವವಳು. ನಾಲ್ಕು ಕಡೆಯೂ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ ಎಂದು ಎಷ್ಟೋ ವರ್ಷ ಬರೆಸಿದ್ದೇನೆ. ಉದಾಹರಣೆಗೆ ಶ್ರೀಲಂಕಾ, ಅಂಡಮಾನ್, ಲಕ್ಷದ್ವೀಪ. ಬರೆಸುತ್ತಿದ್ದ ನಾನು, ಬರೆಯುತ್ತಿದ್ದ ಮಕ್ಕಳು, ಕಪ್ಪು ಹಲಗೆ, ಶಾಲೆಯ ಗಂಟೆ ಎಲ್ಲ ದ್ವೀಪದ ಮೇಲೆಯೇ ಇದ್ದೆವು ಎಂಬುದು ಒಂದು ದಿನವೂ ನನ್ನ ಬಾಯಿಂದ ಬರಲಿಲ್ಲ. ಠಾಣೆಯಿಂದ ಮುಂಬೈಯ ಉಪನಗರಗಳವರೆಗೆ ಹಬ್ಬಿರುವ ಈ ನೆಲಕ್ಕೆ ಸಾಷ್ಟಿ ಎಂಬ ಹಳೆಯ ಹೆಸರಿದೆ. ಒಂದು ಕಡೆ ಕಡಲು, ಉಳಿದ ಕಡೆ ಖಾಡಿಗಳು. ಘೋಡಬಂದರ್ ರಸ್ತೆಯ ಹೊಸ ಟವರುಗಳಲ್ಲಿ ಇಪ್ಪತ್ತನೆಯ ಮಹಡಿಗೆ ಹತ್ತಿದರೆ ಖಾಡಿ ಬೆಳ್ಳಿಯ ಹಾಗೆ ಕಾಣುತ್ತದೆ, ಅದಕ್ಕೆ ಬೇರೆ ದರವೂ ಉಂಟು. ಆದರೆ ಕೆಳಗಿರುವವರಿಗೆ ದ್ವೀಪ ಕಾಣುವುದಿಲ್ಲ. ಸೇತುವೆಗಳು ಅದನ್ನು ಮರೆಸಿಬಿಟ್ಟಿವೆ.

ನನಗೆ ಅದು ತಿಳಿದದ್ದು ಪುಸ್ತಕದಿಂದಲ್ಲ, ಕೋಪರಿಯ ಒಂದು ಬಾವಿಯಿಂದ. ಆ ಬಾವಿಯ ಸಂಗತಿಯನ್ನು ಹೇಳಬೇಕೆಂದೇ ಇಷ್ಟು ಸುತ್ತಿ ಬಂದೆ.

ಕೋಪರಿ ಎಂದರೆ ಠಾಣೆ ಸ್ಟೇಷನ್ನಿನ ಪೂರ್ವಕ್ಕೆ, ಖಾಡಿಯ ಕಡೆಗಿರುವ ಹಳೆಯ ಬಡಾವಣೆ. ನಾನು ಹುಟ್ಟಿದ್ದು ಅಲ್ಲಿ. ಉಡುಪಿ ಕಡೆಯಿಂದ ಬಂದ ಅಪ್ಪ ಅಲ್ಲಿನ ಒಂದು ವಾಡೆಯ, ಅಂದರೆ ನಡುವೆ ಅಂಗಳವಿರುವ ಹಳೆಯ ದೊಡ್ಡ ಮನೆಯ, ಮುಂಭಾಗದಲ್ಲಿ ಇಡ್ಲಿ, ವಡೆ, ಊಟದ ಸಣ್ಣ ಹೋಟೆಲು ಇಟ್ಟಿದ್ದರು. ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ವಾಡೆಯ ಒಡತಿ ಹೌಸಾ, ಇಲ್ಲಿ ಕೋಳಿ ಎಂದು ಕರೆಯುವ ಮೀನುಗಾರ ಜನಾಂಗದ ಹೆಂಗಸು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಬುಟ್ಟಿಯಲ್ಲಿ ಮೀನು ಮಾರಿ ಒಬ್ಬನೇ ಮಗ ಪಾಂಡುವನ್ನು ಸಾಕಿದವಳು. ನಮಗೆಲ್ಲ ಅವಳು ಹೌಸಾ ಮೌಶಿ. ಚಿಕ್ಕಮ್ಮ.

ವಾಡೆಯ ನಡುವೆ ಬಾವಿ. ಕರಿಯ ಬಂಡೆಯನ್ನು ಕೊರೆದು ಮಾಡಿದ್ದು. ಕಟ್ಟೆಯ ಮೇಲೆ ಎರಡು ರಾಟೆ, ಎರಡು ಹಗ್ಗ. ಒಂದು ಮೌಶಿಯದು, ಇನ್ನೊಂದು ಹೋಟೆಲಿನದು. ಮೀನು ಮುಟ್ಟಿದ ಕೈಯ ಹಗ್ಗ ಹೋಟೆಲಿನ ಕೊಡಕ್ಕೆ ತಾಗಬಾರದೆಂದು ಅಪ್ಪ ಮಾಡಿಸಿದ ವ್ಯವಸ್ಥೆ. ಕೆಳಗಿನ ನೀರು ಮಾತ್ರ ಒಂದೇ. ಚಿಕ್ಕವಳಾಗಿದ್ದಾಗ ಇದನ್ನು ಅಪ್ಪನಿಗೆ ಹೇಳಿ ಜಾಣೆ ಎನಿಸಿಕೊಳ್ಳಲು ಹೋಗಿದ್ದೆ. ಜಾಣೆ ಎನ್ನಲಿಲ್ಲ. ಈರುಳ್ಳಿ ಬಿಡಿಸಲು ಕೂರಿಸಿದರು.

ಅಮ್ಮ ಮದುವೆಯಾಗಿ ಬಂದ ಮೊದಲ ದಿನವೇ ಆ ಬಾವಿಯ ನೀರನ್ನು ಬೊಗಸೆಯಲ್ಲಿ ಹಿಡಿದು, ನಾಲಿಗೆಗೆ ತಾಗಿಸಿ, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದಳಂತೆ. ಅಮ್ಮನ ತವರು ಹೊಳೆಗೂ ಕಡಲಿಗೂ ನಡುವಿನ ಮರಳಿನ ಪಟ್ಟಿ. ಎಡಕ್ಕೆ ಉಪ್ಪು, ಬಲಕ್ಕೆ ಉಪ್ಪು, ನಡುವೆ ಮನೆಗಳು. ಹೆಣ್ಣು ಕೊಡುವಾಗಲೂ ತರುವಾಗಲೂ ಬಾವಿಯ ನೀರು ಹೇಗಿದೆ ಎಂದು ಕೇಳುವ ಊರು. ಕಟ್ಟೆಯ ಮೇಲೆ ಕೂತು ಸೀಗಡಿ ಬಿಡಿಸುತ್ತಿದ್ದ ಮೌಶಿ ಅಮ್ಮನನ್ನು ನೋಡಿ ನಕ್ಕು, "ತೂ ಬೀ ಖಾಡೀಚೀಚ್ ಗೋ!" ಎಂದಳಂತೆ. ನೀನೂ ನಮ್ಮ ಹಾಗೆ ಖಾಡಿಯವಳೇ ಕಣೇ, ಎಂದು. ಅಮ್ಮನಿಗೆ ಮರಾಠಿ ಬರುತ್ತಿರಲಿಲ್ಲ. ಆದರೂ ಅರ್ಥವಾಯಿತಂತೆ.

ನಾನು ಹುಟ್ಟಿದಾಗ ಅಮ್ಮನಿಗೆ ತವರಿಗೆ ಹೋಗಲಾಗಲಿಲ್ಲ. ಮಳೆಗಾಲ, ದಾರಿ ಬೇರೆ ಕಡಿದುಹೋಗಿತ್ತು. ನಮ್ಮ ಕಡೆ ಬಾಣಂತಿ ಹೊರಗೆ ಬಂದ ದಿನ ಬಾವಿಗೆ ಅರಿಸಿನ ಕುಂಕುಮ ಹಚ್ಚಿ, ನೀರು ಸೇದಿ, ಒಳಗೆ ತರುವ ಕ್ರಮವುಂಟು. ಅದನ್ನು ಮಾಡಿಸುವ ಹಿರಿಯ ಹೆಂಗಸು ಯಾರೂ ಇಲ್ಲವೆಂದು ಅಮ್ಮ ಅಳುತ್ತಾ ಕೂತಿದ್ದಳು. ಮೌಶಿ ಕಾರಣ ಕೇಳಿದಳು. "ಇಷ್ಟೇನಾ? ನಮ್ಮಲ್ಲೂ ಇದೇ," ಎಂದು ಎಬ್ಬಿಸಿಕೊಂಡು ಹೋದಳು. ಬಾವಿಗೆ ಅಮ್ಮನ ಕೈಯಿಂದಲೇ ಅರಿಸಿನ ಹಚ್ಚಿಸಿ, ತನ್ನ ಹಗ್ಗವನ್ನೇ ಅಮ್ಮನ ಕೈಗೆ ಕೊಟ್ಟು ನೀರು ಸೇದಿಸಿದಳು. ಅಪ್ಪ ಹೋಟೆಲಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ಆಮೇಲೆ ಎರಡು ಹಗ್ಗಗಳು ಇದ್ದವು, ಆದರೆ ಯಾವುದು ಯಾರದೆಂದು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ನಾರಳೀ ಪೂರ್ಣಿಮೆಯ ದಿನ ಕೋಳಿ ಜನರು ಖಾಡಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಮೌಶಿ ಖಾಡಿಗೆ ಹೊರಡುವ ಮೊದಲು ಬಾವಿಗೆ ಒಂದು ಕಾಯಿ ಇಡುತ್ತಿದ್ದಳು. ಮೊದಲು ಸಿಹಿ ನೀರಿಗೆ, ಆಮೇಲೆ ಉಪ್ಪು ನೀರಿಗೆ. ಯಾಕೆ ಮೌಶಿ ಎಂದು ನಾನು ಕೇಳಿದರೆ, "ಸಿಹಿ ನೀರಿನ ಕೆಳಗೇ ಕಡಲು ಮಲಗಿದೆ. ಮೇಲೆ ಮಲಗಿದವರಿಗೆ ಮೊದಲು ಕೊಡದಿದ್ದರೆ ಕೆಳಗಿನವರಿಗೆ ಎಚ್ಚರವಾಗುತ್ತದೆ," ಎನ್ನುತ್ತಿದ್ದಳು. ಇದು ದೆವ್ವದ ಕತೆ ಎಂದು ನಾನು ತಿಳಿದಿದ್ದೆ. ಬಾವಿಗೆ ಬಗ್ಗಿ ನೋಡಲೂ ಹೆದರಿಕೆ.

ಮಳೆಗೆ ಮುಂಚೆ ಪ್ರತಿ ವರ್ಷ ಬಾವಿಯ ಹೂಳು ತೆಗೆಯಲು ಯಲ್ಲಪ್ಪ ಬರುತ್ತಿದ್ದ. ವಿಜಯಪುರದ ಕಡೆಯವನು, ಖಾಡಿಯಾಚೆಯ ಪಾರಸಿಕ್ ಗುಡ್ಡದ ಕಲ್ಲು ಕ್ವಾರಿಯಲ್ಲಿ ಕೂಲಿ. ಅವನೂ ಅಮ್ಮನೂ ಆಡುವ ಕನ್ನಡ ಕೇಳುವುದೇ ನಮಗೆ ತಮಾಷೆ. "ಅಮ್ಮಾರ, ಹಗ್ಗಾ ಗಟ್ಟಿ ಹಿಡೀರಿ, ಒಳಗ ಭಾಳ ಜಾರತೈತ್ರಿ," ಎಂದು ಕೆಳಗಿನಿಂದ ಅವನು. "ಎಂತದು? ಎಂತ ಹೇಳುವುದು ಇವ?" ಎಂದು ಮೇಲಿನಿಂದ ಅಮ್ಮ. ಕೊನೆಗೆ ಇಬ್ಬರೂ ಮುರುಕು ಹಿಂದಿಗೆ ಇಳಿಯುತ್ತಿದ್ದರು. ಅವನು ಮೇಲೆ ಬಂದಾಗ ಮೈಯೆಲ್ಲ ಕರಿ ಕೆಸರು. ಅಮ್ಮ ಅವನಿಗೆ ಬಿಸಿ ಇಡ್ಲಿ ಹಾಕಿ, ಮೌಶಿ ಅವನ ಹಣೆಗೆ ಕುಂಕುಮ ಇಟ್ಟು ಕಳುಹಿಸುತ್ತಿದ್ದರು.

ಈ ಕರಿಕಲ್ಲಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಬೇಸರಿಸಬೇಡಿ. ನಮ್ಮ ಉಡುಪಿ ಕಡೆ ಮುರಕಲ್ಲು. ಸ್ಪಂಜಿನ ಹಾಗೆ ನೀರು ಹೀರುತ್ತದೆ. ಇಲ್ಲಿನದು ಬೆಂಕಿಯಿಂದ ಹುಟ್ಟಿದ ಕಲ್ಲು. ಮನುಷ್ಯರು ಹುಟ್ಟುವುದಕ್ಕೆ ಎಷ್ಟೋ ಮೊದಲು ಭೂಮಿ ಬಿರಿದು, ಕರಗಿದ ಬಂಡೆ ದೋಸೆಯ ಮೇಲೆ ದೋಸೆ ಹೊಯ್ದ ಹಾಗೆ ಪದರ ಪದರವಾಗಿ ಹರಿದು ಆರಿದ್ದು. ಹೋಟೆಲಿನವರ ಮಗಳಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗುವುದಿಲ್ಲ. ಗಟ್ಟಿ ಬಂಡೆಯಲ್ಲಿ ನೀರು ನಿಲ್ಲದು. ಅದರ ಬಿರುಕುಗಳಲ್ಲಿ, ಪದರಗಳ ಸಂದುಗಳಲ್ಲಿ ಮಾತ್ರ ಮಳೆನೀರು ಇಳಿದು ಕೂರುತ್ತದೆ. ದ್ವೀಪದ ಅಂಚಿನಲ್ಲಿ ಅದೇ ಬಿರುಕುಗಳಲ್ಲಿ ಕೆಳಗಿನಿಂದ ಸಮುದ್ರವೂ ಬಂದು ಕೂತಿರುತ್ತದೆ. ಮಳೆನೀರು ಹಗುರ, ಹಾಗಾಗಿ ಮೇಲೆ. ಉಪ್ಪುನೀರು ಭಾರ, ಹಾಗಾಗಿ ಕೆಳಗೆ. ಕೊಡದಲ್ಲಿ ಸೇದುವಷ್ಟು ದಿನ ಒಂದರ ಮೇಲೊಂದು ಸುಮ್ಮನೆ ಇರುತ್ತವೆ. ಯಂತ್ರ ಇಟ್ಟು ಎಳೆದರೆ ಮೇಲಿನದು ಮುಗಿದು ಕೆಳಗಿನದು ಏರುತ್ತದೆ. ಬಿರುಕು ಸಿಕ್ಕಲ್ಲಿ ಬಾವಿ, ಬಾವಿ ಇದ್ದಲ್ಲಿ ನಾಲ್ಕು ಮನೆ, ಆ ಮನೆಗಳಿಗೆ ಒಂದು ದೇವರು. ಈ ತೀರದ ಹಳೆಯ ಊರುಗಳು ಹೀಗೆ ಕೂತಂತೆ ನನಗೆ ಕಾಣುತ್ತದೆ. ಕಡಲು ಮಲಗಿದೆ ಎಂದು ಮೌಶಿ ಹೇಳಿದ್ದು ಇದನ್ನೇ ಎಂದು ನನಗೆ ತಿಳಿಯುವಾಗ ತುಂಬ ತಡವಾಗಿತ್ತು.

ವಾಡೆ ಹೋಗಿ ನಾಲ್ಕು ಮಹಡಿಯ ಕಟ್ಟಡ ಬಂತು. ಜಾಗ ಕೊಡುವಾಗ ಮೌಶಿ ಒಂದೇ ಶರತ್ತು ಹಾಕಿದಳು. ಬಾವಿ ಮುಚ್ಚಕೂಡದು. ಹಾಗಾಗಿ ಕಾಂಪೌಂಡಿನ ಮೂಲೆಯಲ್ಲಿ, ಸ್ಕೂಟರುಗಳ ನಡುವೆ, ಕಬ್ಬಿಣದ ಜಾಲರಿ ಹೊತ್ತುಕೊಂಡು ಬಾವಿ ಉಳಿಯಿತು. ಹೋಟೆಲು ಮುಚ್ಚಿತು. ನೆಲಮಹಡಿಯಲ್ಲಿ ಮೌಶಿ ಮತ್ತು ಪಾಂಡು, ಎರಡನೆಯ ಮಹಡಿಯಲ್ಲಿ ಅಪ್ಪ ಅಮ್ಮ. ನಾನು ಮದುವೆಯಾಗಿ ಡೊಂಬಿವಲಿಗೆ ಬಂದೆ.

ಕೆಲವು ವರ್ಷಗಳ ಹಿಂದೆ ಒಂದು ಕೆಟ್ಟ ಬೇಸಿಗೆ ಬಂತು. ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲವಾದರೆ ಇಲ್ಲ. ಅದೇ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆದು ಅವರು ಹಾಸಿಗೆ ಹಿಡಿದಿದ್ದರು. ಅವರನ್ನು ದಿನಕ್ಕೆ ಹಲವು ಸಲ ಶುಚಿ ಮಾಡಬೇಕು, ಬಟ್ಟೆ ಒಗೆಯಬೇಕು. ಅಮ್ಮ ಮಂಡಿನೋವನ್ನು ಹಲ್ಲು ಕಚ್ಚಿ ತಾಳಿಕೊಂಡು ಬಾವಿಯಿಂದ ಎರಡನೆಯ ಮಹಡಿಗೆ ಬಕೆಟು ಹೊರುತ್ತಿದ್ದಳು. ನಾನು ಭಾನುವಾರ ಹೋಗಿ ಡ್ರಮ್ಮು ತುಂಬಿಸಿದರೆ ಮಂಗಳವಾರಕ್ಕೆ ಖಾಲಿ. ಒಂದು ಮಧ್ಯಾಹ್ನ ಅಪ್ಪ, ಸರಿಯಾಗಿ ತಿರುಗದ ನಾಲಿಗೆಯಲ್ಲಿ, "ನನ್ನಿಂದ ವಾಸನೆ ಬರುತ್ತದಾ?" ಎಂದು ಕೇಳಿದರು. ಜೀವನವಿಡೀ ಬೆಳಿಗ್ಗೆ ತಣ್ಣೀರು ಮಿಂದು, ಒಗೆದ ಪಂಚೆಯುಟ್ಟು ಒಲೆ ಹಚ್ಚಿದ ಮನುಷ್ಯ. ಅಮ್ಮ ಬಕೆಟು ಎತ್ತಿಕೊಂಡು ಮತ್ತೆ ಕೆಳಗಿಳಿದಳು.

ಕಟ್ಟಡದ ಸೊಸೈಟಿಯವರು ಬಾವಿಯ ಪಕ್ಕದಲ್ಲಿ ಬೋರ್‌ವೆಲ್ ಹೊಡೆಸುವ ಮಾತು ತಂದರು. ಕಾಂಪೌಂಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗು. ಅಪ್ಪನನ್ನು ನೋಡಲು ಬಂದಿದ್ದ ನಾನು ಮೇಲಿನ ಗ್ಯಾಲರಿಯಿಂದ ನೋಡುತ್ತಿದ್ದೆ. ಮೌಶಿ ಕೋಲೂರಿಕೊಂಡು ಎದ್ದು ನಿಂತಳು. "ದರ್ಯಾ ಖಾಲೀ ಝೋಪಲಾಯ್. ತ್ಯಾಲಾ ಉಠವೂ ನಕಾ," ಎಂದಳು. ಕಡಲು ಕೆಳಗೆ ಮಲಗಿದೆ, ಅದನ್ನು ಎಬ್ಬಿಸಬೇಡಿ. ಯಾರೋ ಹುಡುಗರು ಮುಸಿಮುಸಿ ನಕ್ಕರು. ಮೌಶಿ ಅವರತ್ತ ನೋಡಲಿಲ್ಲ, ಅಮ್ಮನ ಕಡೆಗೆ ತಿರುಗಿದಳು. ಅಮ್ಮನಿಗೆ ಇದು ಗೊತ್ತು ಎಂದು ಮೌಶಿಗೆ ಗೊತ್ತಿತ್ತು. ಅಮ್ಮನ ತವರಿನ ಬಾವಿ ಪಂಪು ಇಟ್ಟ ಮೇಲೆ ಉಪ್ಪಾದ ಕತೆಯನ್ನು ಅದೇ ಕಟ್ಟೆಯ ಮೇಲೆ ಇಬ್ಬರೂ ಎಷ್ಟು ಸಲ ಮಾತಾಡಿಕೊಂಡಿರಲಿಲ್ಲ!

ಬೋರ್ ಬೇಕೆನ್ನುವವರು ಕೈ ಎತ್ತಿ ಎಂದಾಗ ಅಮ್ಮ ಕೈ ಎತ್ತಿದಳು.

ಮೌಶಿ ಅಮ್ಮನ ಮುಖವನ್ನು ಒಂದು ಗಳಿಗೆ ನೋಡಿ, ಕೋಲೂರಿಕೊಂಡು ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೇಲೆ ಬಂದ ಅಮ್ಮನನ್ನು ನಾನು, "ಅಮ್ಮಾ, ನಿನಗೆ ಗೊತ್ತಿತ್ತಲ್ಲ?" ಎಂದು ಕೇಳಿದೆ. "ಗೊತ್ತುಂಟು," ಎಂದಳು. "ಬಾವಿಗೆ ಮುಂದೆ ಎಂತ ಆಗ್ತದೆ ಅಂತ ಗೊತ್ತುಂಟು. ನಿನ್ನ ಅಪ್ಪನಿಗೆ ಇವತ್ತು ಎಂತ ಆಗ್ತಾ ಉಂಟು ಅಂತಲೂ ಗೊತ್ತುಂಟು. ನಾನು ಯಾವುದನ್ನು ನೋಡ್ಲಿ ಮಗಾ?"

ಬೋರಿನ ನೀರು ಮೊದಲು ಸಿಹಿಯಾಗಿಯೇ ಇತ್ತು. ಅಪ್ಪ ತಮ್ಮ ಕೊನೆಯ ತಿಂಗಳುಗಳಲ್ಲಿ ದಿನವೂ ಮೈತುಂಬ ನೀರು ಹೊಯ್ಯಿಸಿಕೊಂಡು, ಶುಭ್ರವಾದ ಹಾಸಿಗೆಯ ಮೇಲೆ ಮಲಗಿದರು. ಆ ಸುಖವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಳೆ ಹಿಡಿಯುವ ಹೊತ್ತಿಗೆ ಹೋದರು. ಮೌಶಿ ಬಂದು ಬಾಗಿಲಲ್ಲಿ ನಿಂತು ಕೈ ಮುಗಿದಳು, ಅಮ್ಮನ ಹತ್ತಿರ ಕೂರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ತೊಗರಿಬೇಳೆ ಬೇಯಲಿಲ್ಲ. ಅಮ್ಮ ಕುಕ್ಕರಿನಲ್ಲಿ ಮತ್ತೆ ಮತ್ತೆ ಕೂಗಿಸಿದರೂ ಕಾಳು ಕಾಳಾಗಿಯೇ ಉಳಿಯಿತು. ಹೋಟೆಲಿನ ಸಾಂಬಾರಿಗೆ ಹೆಸರು ತಂದಿದ್ದ ನೀರು ಅದು. ನಲ್ಲಿಗಳ ಬಾಯಲ್ಲಿ ಬಿಳಿಯ ಪೊರೆ ಕಟ್ಟಿತು. ಮೌಶಿಯ ಮನೆ ಮುಂದಿನ ದಾಸವಾಳದ ಎಲೆಗಳು ಅಂಚಿನಿಂದ ಸುಟ್ಟ ಹಾಗೆ ಒಣಗಿದವು. ಒಂದು ಬೆಳಿಗ್ಗೆ ಅಮ್ಮ ಬಾಗಿಲು ತೆರೆದಾಗ ಹೊಸ್ತಿಲ ಮೇಲೆ ಒಂದು ಹಿತ್ತಾಳೆ ತಂಬಿಗೆ ಇತ್ತು. ಅದರ ತುಂಬ ಬಾವಿಯ ನೀರು. ತಂಬಿಗೆ ಮೌಶಿಯದು. ಅಮ್ಮ ಒಂದು ಗುಟುಕು ಕುಡಿದಳು. ಉಪ್ಪು. ತಂಬಿಗೆಯನ್ನು ತೊಳೆದು, ಕೆಳಗೆ ಹೋಗಿ ಮೌಶಿಯ ಬಾಗಿಲಲ್ಲಿ ಇಟ್ಟು ಬಂದಳು. ಅಲ್ಲಿಂದ ಇಬ್ಬರ ನಡುವೆ ಮಾತು ನಿಂತಿತು.

ಆಮೇಲೆ ಅಮ್ಮ ಮಾಡಿದ್ದು ಒಂದೇ ಕೆಲಸ. ಬೋರು ನಿಲ್ಲಿಸಿ ಎಂದು ಸೊಸೈಟಿಯವರ ಬೆನ್ನು ಹತ್ತಿದಳು. ಕೈ ಎತ್ತಿದವರಲ್ಲಿ ನೀವೂ ಒಬ್ಬರಲ್ಲವೇ ಎಂದು ಅವರು ಮುಖದ ಮೇಲೆ ಹೇಳಿದರು. "ಹೌದು, ಅದಕ್ಕೇ ಹೇಳುವುದು," ಎಂದಳು. ಬಟ್ಟೆ ಒಗೆದರೂ ನೊರೆ ಬಾರದಂಥ ನೀರಾದ ಮೇಲೆ ಉಳಿದವರೂ ಒಪ್ಪಿದರು. ನಲ್ಲಿ ನೀರೂ ಅಷ್ಟರಲ್ಲಿ ಸುಧಾರಿಸಿತ್ತು. ಪಂಪು ಎತ್ತಿಸಿ ಕೊಳವೆಯ ಬಾಯಿಗೆ ಸಿಮೆಂಟು ಹಾಕಿಸಿದರು. ಅಮ್ಮ ಅಷ್ಟಕ್ಕೆ ಬಿಡಲಿಲ್ಲ. ತಾರಸಿಯ ಮಳೆನೀರು ಬಾವಿಗೇ ಬೀಳುವಂತೆ ಪೈಪು ಹಾಕಿಸಿದಳು. ಪ್ರತಿ ಮಳೆಗಾಲ ಮುಗಿದ ಮೇಲೆ ಜಾಲರಿಯ ಬಾಗಿಲು ತೆಗೆಸಿ, ನೀರು ಸೇದಿ, ರುಚಿ ನೋಡುತ್ತಿದ್ದಳು. ಉಪ್ಪು ಕಡಿಮೆಯಾಗುತ್ತಿತ್ತು, ಹೋಗುತ್ತಿರಲಿಲ್ಲ.

"ನಿನ್ನ ಪುಸ್ತಕದಲ್ಲಿ ಎಂತ ಉಂಟು? ಎಷ್ಟು ಮಳೆಗಾಲ ಬೇಕು?" ಎಂದು ನನ್ನನ್ನು ಕೇಳಿದಳು.

"ಕಲ್ಲಿನ ಬಿರುಕು ಹೇಗಿದೆ ಎಂಬುದರ ಮೇಲೆ ಅಮ್ಮಾ. ಪುಸ್ತಕದಲ್ಲಿ ಬರೆದಿಲ್ಲ."

"ಮತ್ತೆ ಎಂತ ಕಲಿಸ್ತೀಯಾ ನೀನು?" ಎಂದಳು.

ಆ ಬೆಳಗ್ಗೆ ಖಾಡಿಯ ಮೇಲೆ ರೈಲು ನಿಂತಿತು ಎಂದೆನಲ್ಲ, ನಾನು ಹೋಗುತ್ತಿದ್ದದ್ದು ಶಾಲೆಗಲ್ಲ. ಮೌಶಿಗೆ ಕಾಯಿಲೆ ಬಹಳ ಜೋರಾಗಿದೆ ಎಂದು ಅಮ್ಮ ಫೋನು ಮಾಡಿದ್ದಳು.

ನಾನು ಹೋಗುವಾಗ ಪಾಂಡು ಎರಡನೆಯ ಮಹಡಿಗೆ ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದ. ಅವನಿಗೂ ಈಗ ತಲೆ ನೆರೆತಿದೆ. ತಾಯಿ ಅನ್ನ ಬಿಟ್ಟಿದ್ದಾಳೆ, ಬಾಟಲಿಯ ನೀರು ಕೊಟ್ಟರೆ ಉಗುಳುತ್ತಾಳೆ, ಗಂಗಾಜಲವನ್ನೂ ಉಗುಳಿದಳು ಎಂದ. "ಕಾಕೀ, ಆಈ ವಿಹಿರೀಚಂ ಪಾಣೀ ಮಾಗತೇಯ್," ಎಂದ. ಬಾವಿಯ ನೀರು ಕೇಳುತ್ತಿದ್ದಾಳೆ. ತಾನೇ ಸೇದಿ ಕೊಡಬಹುದಿತ್ತು. ಯಾಕೋ ಮೇಲೆ ಹತ್ತಿ ಬಂದಿದ್ದ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ಎಂಬತ್ತು ದಾಟಿದವಳು, ಒಂದೊಂದು ಮೆಟ್ಟಿಲಿಗೂ ನಿಂತು ಇಳಿದಳು. ಬಾವಿಯ ಹತ್ತಿರ ನಾನು ಸೇದುತ್ತೇನೆ ಎಂದರೆ ಕೊಡಲಿಲ್ಲ. ಬೇಸಿಗೆಯ ನೀರು ಆಳಕ್ಕೆ ಹೋಗಿತ್ತು. ಮೇಲೆ ಬಂದ ಬಕೆಟಿನಿಂದ ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡಳು. ಮುಖ ನೋಡಿಯೇ ನನಗೆ ತಿಳಿಯಿತು.

"ಅಮ್ಮಾ," ಎಂದೆ, ಮೆಲ್ಲಗೆ. "ಮೇಲಿನಿಂದ ಫಿಲ್ಟರ್ ನೀರು ತರ್ತೇನೆ. ಬಾವಿದು ಅಂತಲೇ ಕೊಡುವ. ಈ ಸ್ಥಿತಿಯಲ್ಲಿ ಮೌಶಿಗೆ ಗೊತ್ತಾಗ್ಲಿಕ್ಕಿಲ್ಲ."

"ಅವಳಿಗೆ ಗೊತ್ತಾಗದಿದ್ದರೆ ಈ ಊರಲ್ಲಿ ಮತ್ತೆ ಯಾರಿಗೆ ಗೊತ್ತಾಗ್ತದೆ?" ಎಂದಳು ಅಮ್ಮ. ಲೋಟ ತುಂಬಿಕೊಂಡು ಒಳಗೆ ನಡೆದಳು.

ಮೌಶಿ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದಳು. ಒಂದು ಕಾಲಕ್ಕೆ ಬುಟ್ಟಿ ಹೊತ್ತು ಠಾಣೆಯಿಡೀ ತಿರುಗಿದ ದೇಹ ಹಾಸಿಗೆಯಲ್ಲಿ ಇದೆಯೋ ಇಲ್ಲವೋ ಎಂಬಷ್ಟಾಗಿತ್ತು. ಅಮ್ಮ ಪಕ್ಕದಲ್ಲಿ ಕೂತು, ತಲೆಯನ್ನು ತನ್ನ ತೋಳಿಗೆ ತಂದುಕೊಂಡು, ಚಮಚದಲ್ಲಿ ನೀರು ಬಿಟ್ಟಳು. ಮೌಶಿ ಉಗುಳಲಿಲ್ಲ. ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಗಂಟಲು ಅಲುಗಿತು. ಕಣ್ಣು ತೆರೆದು, ಯಾರು ಕೊಟ್ಟದ್ದೆಂದು ನೋಡಿದಳು. ಕೋಣೆಯಲ್ಲಿ ಪಾಂಡು ಇದ್ದ, ಸೊಸೆ ಇದ್ದಳು, ನಾನಿದ್ದೆ.

"ಖಾರಟ್ ಹಾಯ್ ಗೋ," ಎಂದಳು ಮೌಶಿ. ಉಪ್ಪಾಗಿದೆ ಕಣೇ. ಅಷ್ಟು ವರ್ಷಗಳ ಮೇಲೆ ಅಮ್ಮನ ಜೊತೆ ಆಡಿದ ಮೊದಲ ಮಾತು.

"ಹೋ," ಎಂದಳು ಅಮ್ಮ. ಹೌದು. ಅಪ್ಪನ ಹೆಸರು ಎತ್ತಲಿಲ್ಲ, ಕಾರಣ ಕೊಡಲಿಲ್ಲ.

ಮೌಶಿ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. ಆ ಮುಖದಲ್ಲಿ ಬಂದದ್ದು ನಗುವೋ ನೋವೋ ನನಗೆ ಹೇಳಲು ಬರುವುದಿಲ್ಲ.

"ದೇ," ಎಂದಳು. "ಅಜೂನ್ ದೇ."

ಕೊಡು, ಇನ್ನೂ ಕೊಡು. ಅಮ್ಮ ಕೊಟ್ಟಳು. ಲೋಟ ಮುಗಿಯುವವರೆಗೂ ಕೊಟ್ಟಳು.